ಜೆಟ್ ಎದುರು ಸೈಫರ್, ರೇಜ್ ಎದುರು ಕಿಲ್‌ಜಾಯ್: ಯಾವುದು ಕಷ್ಟ?

‘ಜೆಟ್ ಬಂದಾಗ ಸೈಫರ್ ಆಡುವುದು ಕಷ್ಟವಾ, ರೇಜ್ ಬಂದಾಗ ಕಿಲ್‌ಜಾಯ್ ಆಡುವುದು ಕಷ್ಟವಾ? ಒಂದೇ ಮಾತಲ್ಲಿ ಹೇಳಿ ಮಾರಾಯ್ರೆ.’

ಮಂಗಳೂರಿನ ಗೇಮಿಂಗ್ ಕೆಫೆಯಿಂದ ಮಣಿಪಾಲದ ಹಾಸ್ಟೆಲ್ ಕೋಣೆಯವರೆಗೆ ವ್ಯಾಲರಂಟ್ ಅನ್ನುವ ಶೂಟಿಂಗ್ ವಿಡಿಯೋ ಗೇಮ್ ಆಡುವವರೆಲ್ಲ ಕೇಳುವುದು ಇದನ್ನೇ. ಈ ನಾಲ್ವರೂ ಆ ಆಟದ ಪಾತ್ರಗಳು. ಬಾಯಲ್ಲಿ ಹೇಳಿ ಹೇಳಿ ಸಾಕಾಯಿತು. ಇನ್ನು ಕೇಳಿದವರಿಗೆ ಇದನ್ನೇ ಓದಲು ಕೊಡುತ್ತೇನೆ.

ಒಂದೇ ಮಾತು ಬೇಕಲ್ಲ, ತಗೊಳ್ಳಿ: ರೇಜ್ ಎದುರು ಕಿಲ್‌ಜಾಯ್‌ಗೇ ಹೆಚ್ಚು ಕಷ್ಟ. ಆದರೆ ಇಷ್ಟು ತಿಳಿದುಕೊಂಡು ಹೋದರೆ ಮುಂದಿನ ಪಂದ್ಯದಲ್ಲಿ ನಿಮಗೆ ಎಂತ ಉಪಯೋಗವೂ ಇಲ್ಲ. ಯಾವ ರೌಂಡಿನಲ್ಲಿ, ಯಾವ ಮ್ಯಾಪಿನಲ್ಲಿ, ಕೈಯಲ್ಲಿ ಎಷ್ಟು ಕ್ರೆಡಿಟ್ಸ್ (ಆಟದೊಳಗಿನ ಹಣ) ಇದ್ದಾಗ ಅಂತ ಕೇಳದೆ ‘ಇವನಿಗೆ ಅವಳು ಕೌಂಟರಾ’ ಅಂತ ಕೇಳುವುದು ನನಗೆ ಹಿಡಿಸುವುದೇ ಇಲ್ಲ. ಕಂಬಳ ನೋಡಿದವರು ಯಾರಾದರೂ ಕೋಣಗಳ ಜೋಡಿಯ ಹೆಸರು ಮಾತ್ರ ಕೇಳಿ ಫಲಿತಾಂಶ ಹೇಳುತ್ತಾರಾ? ಕರೆ, ಅಂದರೆ ಓಡುವ ಗದ್ದೆ, ಹೇಗುಂಟು, ಓಡಿಸುವವ ಯಾರು ಅಂತ ಮೊದಲು ಕೇಳುತ್ತಾರೆ. ಇಲ್ಲಿಯೂ ಅದೇ.

ಸೈಫರ್ ಮತ್ತು ಕಿಲ್‌ಜಾಯ್ ಇಬ್ಬರೂ ಸೆಂಟಿನೆಲ್‌ಗಳು, ಅಂದರೆ ಬಲೆ ಹಾಕಿ ಸೈಟ್ (ಎದುರಾಳಿಗಳು ಸ್ಪೈಕ್ ಅನ್ನುವ ಬಾಂಬ್ ನೆಡಲು ಬರುವ ಜಾಗ) ಕಾಯುವವರು. ಆಟ 2020ರ ಜೂನ್ 2ರಂದು ಬಿಡುಗಡೆಯಾದಾಗಲೇ ಸೈಫರ್ ಇದ್ದ. ಕಿಲ್‌ಜಾಯ್ ಬಂದದ್ದು ಅದೇ ವರ್ಷದ ಆಗಸ್ಟ್‌ನಲ್ಲಿ. ಜೆಟ್ ಮತ್ತು ರೇಜ್ ಸೈಟಿಗೆ ಮೊದಲು ನುಗ್ಗುವ ಡ್ಯುಯೆಲಿಸ್ಟ್‌ಗಳು. ಸೈಫರ್‌ನದ್ದೂ ಬಲೆ, ಕಿಲ್‌ಜಾಯ್‌ಳದ್ದೂ ಬಲೆ ಅಂತ ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತಾರಲ್ಲ, ತಪ್ಪು ಅಲ್ಲಿಂದಲೇ ಶುರು.

ನಮ್ಮ ಕಡೆಯವರಿಗೆ ಇದನ್ನು ಹೇಳುವುದು ಸುಲಭ. ಹೊಳೆಯಲ್ಲಿ ಸಂಜೆ ಕಟ್ಟಿ, ಬೆಳಿಗ್ಗೆ ಹೋಗಿ ನೋಡುವ ಬಲೆ ಉಂಟು. ಬೀಸುಬಲೆಯೂ ಉಂಟು. ಅದನ್ನು ಬೀಸುವವ ಅಲ್ಲೇ ನೀರಲ್ಲಿ ನಿಂತಿರಬೇಕು. ಸೈಫರ್‌ನ ಟ್ರಿಪ್, ಅಂದರೆ ದಾರಿಗೆ ಅಡ್ಡ ಕಟ್ಟುವ ತಂತಿ, ಮೊದಲನೆಯದು: ಅವನು ಮ್ಯಾಪಿನ ಇನ್ನೊಂದು ತುದಿಯಲ್ಲಿದ್ದರೂ ತಂತಿ ಕೆಲಸ ಮಾಡುತ್ತದೆ. ಕಿಲ್‌ಜಾಯ್‌ಳ ಟರೆಟ್ (ತಾನಾಗಿ ಗುಂಡು ಹೊಡೆಯುವ ಯಂತ್ರ) ಮತ್ತು ಅಲಾರ್ಮ್‌ಬಾಟ್ (ಹತ್ತಿರ ಬಂದವರನ್ನು ಅಟ್ಟಿ ಸಿಡಿಯುವ ಯಂತ್ರ) ಎರಡನೆಯದು: ಅವಳು 40 ಮೀಟರ್‌ಗಿಂತ ಆಚೆ ಹೋದರೆ ಅವೆರಡೂ ಆಫ್ ಆಗುತ್ತವೆ, ವಾಪಸ್ ಬಂದರೆ ಮತ್ತೆ ಎಚ್ಚರವಾಗುತ್ತವೆ. ಸತ್ತರೆ ಇಬ್ಬರ ಬಲೆಯೂ ಕೆಲಸಕ್ಕೆ ಬಾರದು. ಹಾಗಾಗಿ ಕಿಲ್‌ಜಾಯ್ ಆಡುವವರು ಬಲೆಯನ್ನು ಹತ್ತಿರದಲ್ಲೇ ಇದ್ದುಕೊಂಡು ಕಾಯಬೇಕು, ಬಲೆ ಒಡೆಯಲು ಬಂದವರ ಕೈಗೆ ಮಾತ್ರ ಸಿಗಬಾರದು. ಈ ಎರಡನ್ನೂ ಒಟ್ಟಿಗೆ ಮಾಡಲು ಬಿಡದವಳೇ ರೇಜ್.

ಮೊದಲು ಜೆಟ್ ವಿಷಯ. ಜೆಟ್‌ಗೆ ಬಲೆ ಒಡೆಯುವ ಸಾಮಾನು ಇಲ್ಲ. ತಂತಿ ಕಂಡರೆ ಗುಂಡು ಹೊಡೆದು ಒಡೆಯಬೇಕು. ತಂತಿಯಾದರೋ ಹತ್ತಿರ ಬಂದ ಮೇಲಷ್ಟೇ ಕಣ್ಣಿಗೆ ಬೀಳುತ್ತದೆ. ಆದ್ದರಿಂದ ಅವಳು ಒಡೆಯುವುದಕ್ಕಿಂತ ತಪ್ಪಿಸಿಕೊಂಡು ಹೋಗಲು ನೋಡುತ್ತಾಳೆ: ಸ್ಮೋಕ್ ಎಸೆದು, ಅಪ್‌ಡ್ರಾಫ್ಟ್‌ನಲ್ಲಿ ಮೇಲೆ ಏರಿ, ಅಲ್ಲಿಂದ ಡ್ಯಾಶ್, ಅಂದರೆ ಒಮ್ಮೆಲೇ ಮುಂದಕ್ಕೆ ಚಿಮ್ಮುವುದು. ಸೊಂಟದ ಎತ್ತರಕ್ಕೆ ಕಟ್ಟಿದ ತಂತಿ ಕೆಳಗೇ ಉಳಿಯುತ್ತದೆ. ಹೆಚ್ಚಿನವರು ಎರಡು ಟ್ರಿಪ್‌ಗಳನ್ನೂ ದಾರಿಯ ಬಾಯಲ್ಲಿ, ಒಂದೇ ಎತ್ತರದಲ್ಲಿ, ಒಂದರ ಹಿಂದೆ ಒಂದು ಕಟ್ಟುತ್ತಾರೆ. ಜೆಟ್ ಮಟ್ಟಿಗೆ ಅವು ಎರಡಲ್ಲ, ಒಂದೇ.

ಒಂದು ತಂತಿ ಬಾಯಲ್ಲಿರಲಿ, ಇನ್ನೊಂದು ಅವಳು ಇಳಿಯುವ ಜಾಗದಲ್ಲಿರಲಿ. ಡ್ಯಾಶ್ ಎಷ್ಟು ದೂರ ಒಯ್ಯುತ್ತದೆ ಅನ್ನುವುದು ಪ್ರತಿ ಸಲವೂ ಅಷ್ಟೇ. ಅಸೆಂಟ್ ಮ್ಯಾಪಿನ ಬಿ ಮೇನ್ ದಾರಿಯಿಂದ ಹೊರಟವಳು ಎಲ್ಲಿ ಇಳಿಯುತ್ತಾಳೆ ಅನ್ನುವುದನ್ನು ಸ್ನೇಹಿತನ ಕೈಗೆ ಜೆಟ್ ಕೊಟ್ಟು ಕಸ್ಟಮ್ ಗೇಮ್‌ನಲ್ಲಿ ಹತ್ತು ನಿಮಿಷ ನೋಡಿದರೆ ಸಾಕು. ಅಲ್ಲಿನ ಪೆಟ್ಟಿಗೆಗಳ ನಡುವೆ ಎರಡನೇ ತಂತಿ ಕಟ್ಟಿ. ಡ್ಯಾಶ್ ಮುಗಿಸಿ ಇಳಿದವಳು ಅಲ್ಲಿಂದ ಒಂದು ಹೆಜ್ಜೆ ಇಟ್ಟಾಗ ಸಿಕ್ಕಿಬೀಳಬೇಕು, ಓಡಿಹೋಗಲು ಅವಳ ಬಳಿ ಆಗ ಎಂತದ್ದೂ ಇರುವುದಿಲ್ಲ.

ಹಳೆಯ ವಿಡಿಯೋ ನೋಡಿ ಕಲಿಯುವವರಿಗೆ ಒಂದು ಮಾತು. 2022ರ ಏಪ್ರಿಲ್‌ಗೆ ಮುಂಚೆ ಜೆಟ್ ಕೀ ಒತ್ತಿದ ಕೂಡಲೇ ಡ್ಯಾಶ್ ಆಗುತ್ತಿತ್ತು. ಆಮೇಲೆ ಅದನ್ನು ಮೊದಲು ಸಜ್ಜು ಮಾಡಿಕೊಂಡು, ಸಿಗುವ ಅವಧಿಯೊಳಗೆ ಬಳಸಬೇಕಾಯಿತು. ಆ ಅವಧಿ 12 ಸೆಕೆಂಡ್ ಇತ್ತು, 2023ರಲ್ಲಿ 7.5 ಸೆಕೆಂಡ್‌ಗೆ ಇಳಿಯಿತು. ಸಜ್ಜಾಗುವ ಶಬ್ದ ಹತ್ತಿರ ಇದ್ದರೆ ನಿಮಗೂ ಕೇಳುತ್ತದೆ. ಕೇಳಿದ ಕೂಡಲೇ ಕೇಜ್ (ನೋಟ ಮುಚ್ಚುವ ಸೈಫರ್‌ನ ಸಾಮಾನು) ಹಾಕಿ, ಹಿಂದೆ ಸರಿಯಿರಿ, ಆ ಅವಧಿಯನ್ನು ಕಳೆಯಲು ಬಿಡಿ. ಅವಳು ಬರದಿದ್ದರೆ ಡ್ಯಾಶ್ ಹಾಳು, ಬಂದರೆ ಕುರುಡಾಗಿ ಬರಬೇಕು.

ಆದರೆ ಜೆಟ್ ಕೈಯಲ್ಲಿ ಸೈಫರ್ ನಿಜವಾಗಿ ಸಾಯುವುದು ಬೇರೆ ಕಡೆ. ಟ್ರಿಪ್ ಬಡಿದ ಶಬ್ದ ಬರುತ್ತದೆ, ಸಿಕ್ಕಿಬಿದ್ದವನನ್ನು ಹೊಡೆಯಲು ಸೈಫರ್ ತಲೆ ಹೊರಗೆ ಹಾಕುತ್ತಾನೆ, ದೂರದಲ್ಲಿ ಆಪರೇಟರ್ (ಆಪ್ ಅನ್ನುವ ಸ್ನೈಪರ್ ಬಂದೂಕು) ಹಿಡಿದು ಕಾಯುತ್ತಿದ್ದ ಜೆಟ್ ಹೊಡೆಯುತ್ತಾಳೆ. ಆಪ್ ಗುಂಡು ಮೈಗೆ ತಗುಲಿದರೆ 150. ನಿಮ್ಮ 100 ಪ್ರಾಣ, 50 ಕವಚ ಎರಡೂ ಅಲ್ಲಿಗೆ ಮುಗಿಯಿತು. ಟ್ರಿಪ್ ಬಡಿದ ಕೂಡಲೇ ಇಣುಕುವುದು ಈ ಆಟದಲ್ಲಿ ಸೈಫರ್ ಆಡುವವರ ಅತಿ ಕೆಟ್ಟ ಅಭ್ಯಾಸ. ಗೋಡೆಯ ಮೂಲಕ ಹೊಡೆಯಿರಿ. ಟ್ರಿಪ್ ಕಟ್ಟುವಾಗಲೇ ಯಾವ ಗೋಡೆ, ಯಾವ ಮರದ ಪೆಟ್ಟಿಗೆ ಗುಂಡು ಬಿಡುತ್ತದೆ ಅಂತ ನೋಡಿ ಕಟ್ಟಿ. 3200 ಕ್ರೆಡಿಟ್ಸ್‌ನ ಓಡಿನ್ ಮಷೀನ್‌ಗನ್ ಇದಕ್ಕೆ ಎಲ್ಲಕ್ಕಿಂತ ಒಳ್ಳೆಯದು. ವ್ಯಾಂಡಲ್ ರೈಫಲ್‌ನಿಂದಲೂ ತೆಳುವಾದದ್ದರ ಮೂಲಕ ಹೊಡೆಯಬಹುದು. ನೋಡಲೇಬೇಕಿದ್ದರೆ ಕ್ಯಾಮೆರಾದಲ್ಲಿ ನೋಡಿ, ಆಗ ನಿಮ್ಮ ಮೈ ಮೂಲೆಯಲ್ಲಿ ಅಡಗಿರಲಿ, ಯಾಕೆಂದರೆ ಕ್ಯಾಮೆರಾ ನೋಡುವಷ್ಟು ಹೊತ್ತು ನಿಮ್ಮ ಸುತ್ತಮುತ್ತ ಎಂತ ಆಗುತ್ತಿದೆ ಅಂತ ಕಾಣುವುದಿಲ್ಲ.

ಈಗ ರೇಜ್. ಇವಳಿಗೆ ಇಣುಕಿ ನೋಡುವ ಅಗತ್ಯವೇ ಇಲ್ಲ. ಪೇಂಟ್ ಶೆಲ್ಸ್, ಅಂದರೆ ಎಲ್ಲರೂ ನೇಡ್ ಅನ್ನುವುದು, ಒಮ್ಮೆ ಸಿಡಿದು ಚೂರುಗಳಾಗಿ ಮತ್ತೆ ಸಿಡಿಯುತ್ತದೆ. ಟರೆಟ್, ಅಲಾರ್ಮ್‌ಬಾಟ್, ಅಡಗಿಸಿಟ್ಟ ಸ್ವಾರ್ಮ್ (ಬೇಕೆಂದಾಗ ಸಿಡಿಸುವ ಕಿಲ್‌ಜಾಯ್‌ಳ ಗ್ರೆನೇಡ್) ಮೂರೂ ಒಂದೇ ಮೂಲೆಯಲ್ಲಿದ್ದರೆ ಒಂದೇ ನೇಡ್‌ನಲ್ಲಿ ಮೂರೂ ಹೋಗುತ್ತವೆ. ಬೂಮ್ ಬಾಟ್ ನೆಲದ ಮೇಲೆ ಗೋಡೆಗೆ ಬಡಿದು ಬಡಿದು ಓಡಿ, ಎದುರಿಗೆ ಸಿಕ್ಕಿದವರನ್ನು ಅಟ್ಟುತ್ತದೆ. ಅದನ್ನು ಹೊಡೆದರೆ ನೀವು ಎಲ್ಲಿದ್ದೀರಿ ಅಂತ ಗೊತ್ತಾಗುತ್ತದೆ, ಹೊಡೆಯದಿದ್ದರೆ ಅದು ಸಿಡಿಯುತ್ತದೆ. ಎರಡು ಸ್ಯಾಚೆಲ್‌ಗಳನ್ನು (ಅವಳನ್ನೇ ಹಾರಿಸುವ ಸಿಡಿಮದ್ದಿನ ಪೊಟ್ಟಣಗಳು) ಒಂದರ ಹಿಂದೆ ಒಂದು ಸಿಡಿಸಿದರೆ ಅವಳು ನಿಮ್ಮ ತಲೆಯ ಮೇಲೆ.

ಬೈಂಡ್ ಮ್ಯಾಪಿನ ಬಿ ಸೈಟ್ ನೋಡಿ. ಹುಕ್ಕಾ ಅನ್ನುವ ಕೋಣೆಯ ಕಿಟಕಿಗೆ ನೇರ ಎದುರು ಟರೆಟ್ ಇಡುವವರು ಇನ್ನೂ ಇದ್ದಾರೆ. ರೇಜ್ ಹುಕ್ಕಾದ ಒಳಗೇ ನಿಂತು ಅದನ್ನು ಒಡೆಯುತ್ತಾಳೆ, ಕಿಟಕಿಯ ಕೆಳಗೆ ನೇಡ್ ಹಾಕಿ ಅಲಾರ್ಮ್‌ಬಾಟ್ ಮುಗಿಸುತ್ತಾಳೆ, ಆಮೇಲೆ ಹಾರುತ್ತಾಳೆ. ಕಿಟಕಿ ದಾಟಿ ಹೊರಗೆ ಬಂದ ಮೇಲಷ್ಟೇ ಕಣ್ಣಿಗೆ ಬೀಳುವ ಹಾಗೆ ಟರೆಟನ್ನು ಪಕ್ಕಕ್ಕೆ ಇಡಿ. ಅಲಾರ್ಮ್‌ಬಾಟ್ ಟರೆಟ್‌ನಿಂದ ದೂರ ಇರಲಿ, ಒಂದು ನೇಡ್‌ಗೆ ಒಂದೇ ವಸ್ತು ಸಿಗುವ ಹಾಗೆ. ಬೂಮ್ ಬಾಟ್‌ನ ಶಬ್ದ ಕೇಳಿದರೆ, ಟರೆಟ್ ಒಡೆಯುವುದು ಖಂಡಿತ ಅನಿಸಿದರೆ, ಹಿಂದಕ್ಕೆ ಕರೆಸಿಕೊಳ್ಳಿ. ಒಡೆದುಹೋದ ಟರೆಟ್‌ಗಿಂತ ಕರೆಸಿಕೊಂಡ ಟರೆಟ್ ಬೇಗ ಮತ್ತೆ ಕೈಗೆ ಸಿಗುತ್ತದೆ. ಪ್ರತಿ ರೌಂಡ್ ಜಾಗ ಬದಲಿಸಿ. ಎರಡು ಸಲ ಒಂದೇ ಜಾಗದಲ್ಲಿ ಇಟ್ಟರೆ ಮೂರನೇ ಸಲ ರೇಜ್ ನೋಡದೆಯೇ ಎಸೆಯುತ್ತಾಳೆ.

ಇಷ್ಟೆಲ್ಲ ಮಾಡಿದರೂ ಏನೋ ಒಂದು ಒಡೆದೇ ಒಡೆಯುತ್ತದೆ. ಒಡೆಯಲಿ. ಯಾವುದರಿಂದ ಒಡೆದಳು ಅಂತ ಮಾತ್ರ ಲೆಕ್ಕ ಇಡಿ. ನೇಡ್ ಹಾಕಿ ಒಡೆದಿದ್ದರೆ, ಅವಳಿಗೆ ಎರಡು ಕಿಲ್ ಸಿಗುವವರೆಗೆ ಇನ್ನೊಂದು ನೇಡ್ ಇಲ್ಲ. ಸ್ಯಾಚೆಲ್ ಹಾಕಿ ಒಡೆದಿದ್ದರೆ, ಉಳಿದ ಒಂದೇ ಸ್ಯಾಚೆಲ್‌ನಲ್ಲಿ ಅವಳು ಮೊದಲಿನಷ್ಟು ಎತ್ತರವೂ ಹೋಗಲಾರಳು, ದೂರವೂ ಹೋಗಲಾರಳು. ನಿಮ್ಮ ಟರೆಟ್ ಹೋದದ್ದಕ್ಕೆ ಅವಳ ಅರ್ಧ ಹಾರಾಟ ಹೋಯಿತು. ಬೇಜಾರು ಮಾಡಿಕೊಂಡು ತಂಡದವರ ಮೇಲೆ ಕೂಗಾಡುವ ಬದಲು ‘ಒಂದು ಸ್ಯಾಚೆಲ್ ಹೋಯಿತು, ನೇಡ್ ಇನ್ನೂ ಉಂಟು’ ಅಂತ ಮೈಕ್‌ನಲ್ಲಿ ಹೇಳಿ.

ಕಷ್ಟ ಯಾವಾಗ ಬರುತ್ತದೆ ಅನ್ನುವುದನ್ನು ಯಾರೂ ಕೇಳುವುದಿಲ್ಲ. ಎರಡು ಜೋಡಿಗಳ ನಿಜವಾದ ವ್ಯತ್ಯಾಸ ಇರುವುದೇ ಅಲ್ಲಿ. ಪಂದ್ಯದಲ್ಲಿ 1ನೇ ಮತ್ತು 13ನೇ ರೌಂಡ್ ಪಿಸ್ತೂಲಿನವು, ಕೈಯಲ್ಲಿ 800 ಕ್ರೆಡಿಟ್ಸ್ ಮಾತ್ರ. ಆಪರೇಟರ್‌ಗೆ 4700 ಬೇಕು. ಹಾಗಾಗಿ ಪಿಸ್ತೂಲ್ ರೌಂಡಿನ ಜೆಟ್‌ಗೆ ಸೈಫರ್ ಹೆದರಬೇಕಾಗಿಲ್ಲ, ಎರಡು ತಂತಿ ಕಟ್ಟಿ ಕೂರಬಹುದು. ರೇಜ್‌ನ ನೇಡ್ ಪುಕ್ಕಟೆ, ಮೊದಲ ರೌಂಡಿನಿಂದಲೇ ಉಂಟು. 800ರಲ್ಲಿ ಎರಡು ಸ್ಯಾಚೆಲ್ ಕೊಂಡುಕೊಂಡರೂ ಅವಳಿಗೆ ಇನ್ನೂ ಹಣ ಉಳಿಯುತ್ತದೆ. ಪಿಸ್ತೂಲ್ ರೌಂಡಿನಲ್ಲೇ ಕಿಲ್‌ಜಾಯ್‌ಗೆ ಅತಿ ಹೆಚ್ಚು ಪೆಟ್ಟು ಬೀಳುತ್ತದೆ. ಎರಡೂ ತಂಡಕ್ಕೆ ದುಡ್ಡು ಬಂದ ಮೇಲೆ ಲೆಕ್ಕ ತಿರುಗುತ್ತದೆ: ಜೆಟ್ ಕೈಗೆ ಆಪ್ ಬರುತ್ತದೆ, ಸೈಫರ್ ಮಾಡುವ ಒಂದೊಂದು ತಪ್ಪೂ ದುಬಾರಿಯಾಗುತ್ತದೆ. ಕಿಲ್‌ಜಾಯ್ ಮಾತ್ರ ಆ ಹೊತ್ತಿಗೆ ವ್ಯಾಂಡಲ್ ಹಿಡಿದಿರುತ್ತಾಳೆ, ಹಾರಿ ಬರುವ ರೇಜ್ ಗಾಳಿಯಲ್ಲಿದ್ದುಕೊಂಡು ತಾನು ಗುರಿ ಹಿಡಿದು ಹೊಡೆಯುವುದು ಸುಲಭ ಇಲ್ಲ.

ಹಾಗಾದರೆ ಅದಲು ಬದಲು ಮಾಡಿದರೆ ಹೇಗೆ, ರೇಜ್‌ಗೇ ಸೈಫರ್ ಹಾಕುವ ಅನ್ನುತ್ತೀರಿ. ಹಾಕಿ. ಆದರೆ ನೇಡ್ ತಂತಿಯನ್ನೂ ಒಡೆಯುತ್ತದೆ. ಲಾಭ ಒಂದೇ: ಸೈಫರ್ ಅಲ್ಲೇ ಕೂತು ಕಾಯಬೇಕಾಗಿಲ್ಲ.

ಇನ್ನೊಂದು ವಿಷಯ, ಮಳೆಗಾಲದ್ದು. ಜೂನ್‌ನಿಂದ ಇಲ್ಲಿ ತಗಡಿನ ಮಾಡಿನ ಕೆಳಗೆ ಕೂತು ಆಡುವವರಿಗೆ ಟ್ರಿಪ್‌ನ ಸದ್ದೂ ಕೇಳುವುದಿಲ್ಲ, ಸ್ಯಾಚೆಲ್‌ನದ್ದೂ ಕೇಳುವುದಿಲ್ಲ. ಸ್ಪೀಕರ್‌ನಲ್ಲಿ ಸೆಂಟಿನೆಲ್ ಆಡಬೇಡಿ. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಹಾಕಿ, ಆಡಿಯೋ ಸೆಟ್ಟಿಂಗ್ಸ್‌ನಲ್ಲಿ ಎಚ್‌ಆರ್‌ಟಿಎಫ್ (ಶಬ್ದ ಯಾವ ದಿಕ್ಕಿನದು ಅಂತ ತಿಳಿಸುವ ಸೌಲಭ್ಯ) ಆನ್ ಮಾಡಿ, ವಿಂಡೋಸ್‌ನಲ್ಲಿ ಅಥವಾ ಹೆಡ್‌ಫೋನ್‌ನ ಸಾಫ್ಟ್‌ವೇರ್‌ನಲ್ಲಿ ಬೇರೆ ಸರೌಂಡ್ ಇದ್ದರೆ ಆಫ್ ಮಾಡಿ. ಎರಡೂ ಒಟ್ಟಿಗೆ ಇದ್ದರೆ ಶಬ್ದ ಎಡದಿಂದ ಬಂತೋ ಹಿಂದಿನಿಂದ ಬಂತೋ ತಿಳಿಯುವುದಿಲ್ಲ.

ನನ್ನನ್ನು ಯಾರಾದರೂ ‘ಬಲೆ ಒಡೆದ ಮೇಲೆ ನಾನು ಎಲ್ಲಿ ನಿಲ್ಲಬೇಕು’ ಅಂತ ಕೇಳಬೇಕಿತ್ತು. ಒಬ್ಬರೂ ಕೇಳಿಲ್ಲ. ಬಲೆ ಒಡೆಯದ ಹಾಗೆ ಇಡುವುದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ, ಹಾಗೆ ಇಡಲು ಆಗುವುದೇ ಇಲ್ಲ. ಬಲೆ ಇರುವುದು ಎದುರಾಳಿ ಬಂದ ಅಂತ ಹೇಳುವುದಕ್ಕೆ, ಅವನ ಎರಡು ಸೆಕೆಂಡ್ ತಿನ್ನುವುದಕ್ಕೆ. ಆ ಎರಡು ಸೆಕೆಂಡ್‌ನಲ್ಲಿ ನೀವು ಎತ್ತ ಹೋದಿರಿ ಅನ್ನುವುದರ ಮೇಲೆ ರೌಂಡ್ ನಿಂತಿದೆ.

ಸೈಫರ್ ಆಡುವವರು ತಂತಿ ಬಡಿದಾಗ ಸೈಟ್ ಬಿಟ್ಟು ಒಂದು ಮೂಲೆ ಹಿಂದಕ್ಕೆ ಹೋಗಬೇಕು. ಜೆಟ್ ಡ್ಯಾಶ್ ಮಾಡಿ ಬಂದು ನೋಡುವ ಮೊದಲ ಜಾಗ ನೀವು ಇದ್ದ ಜಾಗವೇ, ಅದು ಖಾಲಿ ಇರಬೇಕು. ಅವಳು ಅಲ್ಲಿ ನೋಡುತ್ತಿರುವಾಗ ನಿಮಗೆ ಪಕ್ಕದಿಂದ ಹೊಡೆತ ಸಿಗುತ್ತದೆ. ಕಿಲ್‌ಜಾಯ್ ಆಡುವವರು ಟರೆಟ್ ಒಡೆದ ಶಬ್ದಕ್ಕೇ ಹೊರಡಬೇಕು, ರೇಜ್ ಹಾರಿದ ಮೇಲೆ ಹೊರಟರೆ ತಡವಾಯಿತು. ಬೈಂಡ್ ಬಿ ಆದರೆ ಎಲ್ಬೋ ಅನ್ನುವ ಜಾಗದ ಕಡೆಗೆ ಸರಿಯಿರಿ, 40 ಮೀಟರ್‌ನ ಒಳಗೇ ಇರುತ್ತೀರಿ.

ಒಂದು ಸ್ವಾರ್ಮ್ ಉಳಿಸಿಡಿ. ಬಾಗಿಲಲ್ಲಿ ಬೇಡ, ಸ್ಪೈಕ್ ನೆಡುವ ಜಾಗದಲ್ಲಿ. ನೆಡಲು 4 ಸೆಕೆಂಡ್ ಬೇಕು, ನೆಡುವವ ಅಷ್ಟು ಹೊತ್ತು ಅಲ್ಲಾಡುವ ಹಾಗಿಲ್ಲ. ಶಬ್ದ ಶುರುವಾಗಿ ಒಂದು ಎಣಿಸಿ, ಸ್ವಾರ್ಮ್ ಬಿಡಿ. ಅವನು ಬಿಟ್ಟು ಓಡುತ್ತಾನೆ, ಇಲ್ಲವಾದರೆ ಅರ್ಧ ಪ್ರಾಣದಲ್ಲಿ ನೆಡುತ್ತಾನೆ. ನೆಟ್ಟರೂ ಸಿಡಿಯಲು 45 ಸೆಕೆಂಡ್ ಉಂಟು, ಡಿಫ್ಯೂಸ್‌ಗೆ, ಅಂದರೆ ಅದನ್ನು ಸಿಡಿಯದ ಹಾಗೆ ಮಾಡಲು, 7 ಸಾಕು, 3.5 ಸೆಕೆಂಡ್ ಹಿಡಿದು ಬಿಟ್ಟರೂ ಆ ಅರ್ಧ ಉಳಿಯುತ್ತದೆ. ಅಷ್ಟು ಹೊತ್ತಿಗೆ ಇನ್ನೊಂದು ಸೈಟ್‌ನಿಂದ ನಿಮ್ಮವರು ಬಂದಿರುತ್ತಾರೆ. ಒಳಗೆ ಹೋಗುವ ಮುಂಚೆ ಮೈಕ್‌ನಲ್ಲಿ ಒಂದೇ ವಿಷಯ ಹೇಳಿ: ರೇಜ್ ಬಳಿ ನೇಡ್ ಉಂಟಾ, ಇಲ್ಲವಾ.