ಕೆರೆಯ ಕೋಡಿ ಮತ್ತು ಕಳೆದುಹೋದ ದೀರ್ಘ

ಸಿಕ್ಕಿತು! ಐದು ವಾರದಿಂದ ಹುಡುಕುತ್ತಿದ್ದ ದೀರ್ಘ (‘ಕೆ’ಯನ್ನು ‘ಕೇ’ ಮಾಡುವ ಗುರುತು) ಭಾನುವಾರ ರಾತ್ರಿ 11 ಗಂಟೆಗೆ ಸಿಕ್ಕಿತು. ಖುಷಿ ಆರುವ ಮುಂಚೆ ಬರೆದಿಡುತ್ತಿದ್ದೇನೆ.

ಹೊಸಬರಿಗೆ ಎರಡು ಮಾತು. ನಮ್ಮೂರಲ್ಲಿ ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಹಾಸ್ಟೆಲ್ ನಡೆಸುವ ಒಂದು ಸಣ್ಣ ಟ್ರಸ್ಟ್ ಇದೆ. ಅವರ ಹತ್ತಿರ ಪಿಯುಸಿ ಮತ್ತು ಡಿಗ್ರಿ ನೋಟ್ಸ್‌ನ 400ಕ್ಕೂ ಜಾಸ್ತಿ ವರ್ಡ್ ಫೈಲುಗಳಿವೆ. ಉಪನ್ಯಾಸಕರು ವರ್ಷಗಟ್ಟಲೆ ಪುಕ್ಕಟೆಯಾಗಿ ಬರೆದುಕೊಟ್ಟಿದ್ದು, ಆಫೀಸಿನ ಮೇಡಂ ಕೂತು ಟೈಪ್ ಮಾಡಿದ್ದು. ಎಲ್ಲವೂ ಹಳೆಯ ನುಡಿ ಫಾಂಟಿನಲ್ಲಿ. ಆಗ ಪ್ರಿಂಟ್ ತೆಗೆದು ಯಾರಾದರೂ ಓದಿ ಹೇಳುತ್ತಿದ್ದರು, ಹಾಗಾಗಿ ತೊಂದರೆ ಇರಲಿಲ್ಲ. ಈಗ ಮಕ್ಕಳ ಕೈಯಲ್ಲಿ ಲ್ಯಾಪ್‌ಟಾಪ್ ಇದೆ, ಪರದೆಯಲ್ಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ಇದೆ, ಫೋನಿನಲ್ಲಿ ಅದೇ ಕೆಲಸ ಮಾಡುವ ಟಾಕ್‌ಬ್ಯಾಕ್ ಇದೆ. ಆದರೆ ಈ ಫೈಲುಗಳು ಅವರ ಪಾಲಿಗೆ ಮೂಕ.

ಕಾರಣ ನಿಮಗೆ ಗೊತ್ತು. ಹಳೆಯ ನುಡಿಯಲ್ಲಿ ಮೇಲೆ ಕಾಣುವ ಚಿತ್ರ ಮಾತ್ರ ಕನ್ನಡದ್ದು. ‘ಕನ್ನಡ’ ಅಂತ ಬರೆದಿದ್ದರೆ ಒಳಗಿರುವುದು ಇಂಗ್ಲಿಷಿನ ‘ಪಿ’, ಅದರ ಪಕ್ಕ ತಲೆ ಮೇಲೆ ಗೀಟು ಹೊತ್ತ ‘ಎ’, ಆಮೇಲೆ ಪೌಂಡ್ ನೋಟಿನ ಗುರುತು. ಸ್ಕ್ರೀನ್ ರೀಡರ್ ಪಾಪ ಅದನ್ನೇ ಓದುತ್ತದೆ. ಅದಕ್ಕೇ ಒಂದು ಪ್ರೋಗ್ರಾಂ ಬರೆದು ಎಲ್ಲವನ್ನೂ ಯೂನಿಕೋಡ್‌ಗೆ (ಕನ್ನಡದ ಒಂದೊಂದು ಗುರುತಿಗೂ ತನ್ನದೇ ಸಂಖ್ಯೆ ಇರುವ ವ್ಯವಸ್ಥೆ) ತರುವ ಕೆಲಸ ಹಿಡಿದಿದ್ದು. ನುಡಿಯ ಯಾವ ಚಿಹ್ನೆಗೆ ಯಾವ ಅಕ್ಷರ ಅಂತ ಪಟ್ಟಿ ಮಾಡಿದ್ದು, ಅರ್ಕಾವತ್ತನ್ನು ಹಿಂದಕ್ಕೆ ತಂದಿದ್ದು, ‘ಸ್ತ್ರೀ’ಯಲ್ಲಿ ಗುಡಿಸಿನ ಹಿಂದೆ ಬೀಳುವ ಒತ್ತುಗಳನ್ನು ಮುಂದಕ್ಕೆ ಎಳೆದಿದ್ದು, ಇದೆಲ್ಲ ನೀವೂ ಮಾಡಿರುತ್ತೀರಿ. ಅದನ್ನು ಮತ್ತೆ ಬರೆಯುವುದಿಲ್ಲ.

ಮೊದಲ ವಾರದ ಕೊನೆಗೆ ಎಲ್ಲ ಫೈಲೂ ಯೂನಿಕೋಡ್‌ಗೆ ಬಂದಿದ್ದವು. ಸುಮಾರು 30 ಫೈಲು ತೆರೆದು ಸಾಲು ಸಾಲು ನೋಡಿದೆ. ಎಲ್ಲವೂ ಸರಿಯಾಗಿತ್ತು. ಪೆನ್‌ಡ್ರೈವ್‌ಗೆ ಹಾಕಿ ಕೊಟ್ಟು ಬಂದೆ.

ಮಾರನೇ ದಿನವೇ ಫೋನ್ ಬಂತು. ದ್ವಿತೀಯ ಪಿಯುಸಿ ಓದುವ ಹುಡುಗಿ. ಹಾಸ್ಟೆಲ್‌ನಲ್ಲಿ ಎನ್‌ವಿಡಿಎಯನ್ನು ಅವಳಷ್ಟು ವೇಗದಲ್ಲಿ ಓಡಿಸುವವರು ಇನ್ನೊಬ್ಬರಿಲ್ಲ. ಅವಳು ಇಡುವ ಸ್ಪೀಡಿನಲ್ಲಿ ನನಗೆ ಒಂದು ಪದವೂ ಬಿಡಿಯಾಗಿ ಕೇಳುವುದಿಲ್ಲ.

“ಅಣ್ಣಾ, ವಿಜಯನಗರದ ನೀರಾವರಿ ಪಾಠ ಓದ್ತಿದೀನಿ. ‘ಕೆರೆಯ ಕೊಡಿ’ ಅಂತಿದೆ. ಕೆರೆಯನ್ನ ಯಾರಿಗೆ ಕೊಡ್ಬೇಕು?”

ಇರಬೇಕಾದದ್ದು ‘ಕೋಡಿ’, ಕೆರೆ ತುಂಬಿದಾಗ ನೀರು ಹೊರಗೆ ಹರಿಯುವ ಜಾಗ. ಇಬ್ಬರೂ ಜೋರಾಗಿ ನಕ್ಕೆವು. ಆಮೇಲೆ ಅವಳು ಒಂದೊಂದೇ ಹೇಳುತ್ತಾ ಹೋದಳು. ‘ಬೇರೆ’ ಇರಬೇಕಾದಲ್ಲಿ ‘ಬೆರೆ’, ‘ತೇರು’ ಇರಬೇಕಾದಲ್ಲಿ ‘ತೆರು’, ‘ಕೋಟೆ’ಗೆ ‘ಕೊಟೆ’. ಎಲ್ಲ ಕಡೆಯೂ ಅಲ್ಲ. ಒಂದೇ ಪುಟದಲ್ಲಿ ‘ಕೋಟೆ’ ಮೂರು ಸಲ ಸರಿ, ನಾಲ್ಕನೇ ಸಲ ತಪ್ಪು.

ಫೈಲು ತೆರೆದು ನೋಡಿದೆ. ‘ಕೋಡಿ’ ಅಂತಲೇ ಇದೆ. ದೀರ್ಘ ಕಣ್ಣಿಗೆ ಕಾಣುತ್ತಿದೆ. ಹಾಗಾದರೆ ಧ್ವನಿಯ ತಪ್ಪಿರಬೇಕು ಅಂದುಕೊಂಡು ಎರಡು ಸಂಜೆ ಎನ್‌ವಿಡಿಎಗೆ ಧ್ವನಿ ಕೊಡುವ ಇ-ಸ್ಪೀಕ್‌ನ ಸೆಟ್ಟಿಂಗ್ ತಿರುವುತ್ತಾ ಕೂತೆ. ಆ ಎರಡು ಸಂಜೆಯಿಂದ ಏನೂ ಸಿಗಲಿಲ್ಲ. ದಾರಿ ತೋರಿಸಿದ್ದು ಸುಮ್ನೆ ಮಾಡಿದ ಒಂದು ಹುಡುಕಾಟ. ಅದೇ ಪುಟದಲ್ಲಿ ‘ಕೋಡಿ’ ಅಂತ ಹುಡುಕಿದೆ. ಕಣ್ಣೆದುರಿಗೇ ಇದ್ದ ಪದ ಸಿಗಲಿಲ್ಲ!

ಆಗ ಒಂದೊಂದೇ ಅಕ್ಷರದ ಸಂಖ್ಯೆ ತೆಗೆದು ನೋಡಿದೆ. ಶಾಲೆಯಲ್ಲಿ ನಾವು ಕಾಗುಣಿತ ಹೇಳುತ್ತಿದ್ದದ್ದು ನೆನಪಿದೆಯಲ್ವಾ? ಎತ್ವಕ್ಕೆ ದೀರ್ಘ ಕೊಟ್ಟರೆ ‘ಕೇ’. ನುಡಿ ಹಾಗೇ ನಡೆಯುತ್ತದೆ. ಎತ್ವ ಒಂದು ತುಂಡು, ದೀರ್ಘ ಇನ್ನೊಂದು ತುಂಡು. ಯೂನಿಕೋಡ್‌ನಲ್ಲಿ ಎತ್ವದ ಸಂಖ್ಯೆ 3270, ಬಿಡಿ ದೀರ್ಘದ್ದು 3285. ಆದರೆ ಎರಡೂ ಸೇರಿದ ಏತ್ವಕ್ಕೆ 3271 ಅಂತ ಬೇರೆಯದೇ ಮನೆ ಕೊಟ್ಟಿದ್ದಾರೆ. ಬರೆಯಬೇಕಾದ ರೀತಿ ಅದು. 3270 ಮತ್ತು 3285 ಪಕ್ಕಪಕ್ಕ ಕೂತರೂ ಪರದೆಯ ಮೇಲೆ ಥೇಟ್ ಏತ್ವದ ಹಾಗೇ ಕಾಣುತ್ತದೆ. ಓದುವ ಧ್ವನಿ ಮಾತ್ರ ಎತ್ವದಲ್ಲೇ ನಿಂತುಬಿಡುತ್ತಿತ್ತು. ನನ್ನ ಪಟ್ಟಿ ಎಷ್ಟೋ ಕಡೆ ಈ ಬಿಡಿ ಜೋಡಿಯನ್ನೇ ಹೊರಗೆ ಬಿಟ್ಟಿತ್ತು. ‘ನಿರ್ದೇಶಕ’ದಂಥ ಪದದಲ್ಲಿ ಎತ್ವಕ್ಕೂ ದೀರ್ಘಕ್ಕೂ ನಡುವೆ ಅರ್ಕಾವತ್ತು ಸಿಕ್ಕಿಕೊಂಡಿದ್ದರಂತೂ ಇನ್ನೂ ಗ್ಯಾರಂಟಿ.

ಇದಕ್ಕೆ ಮದ್ದು ಸುಲಭ. ಯೂನಿಕೋಡ್ ನಾರ್ಮಲೈಸೇಷನ್, ಎನ್‌ಎಫ್‌ಸಿ. ನಾನು ಪ್ರೋಗ್ರಾಂ ಬರೆಯುವ ಪೈಥಾನ್ ಭಾಷೆಯಲ್ಲಿ ಒಂದೇ ಸಾಲು. ಬಿಡಿ ತುಂಡುಗಳನ್ನು ಅದೇ ಸೇರಿಸುತ್ತದೆ. ಜೊತೆಗೆ ಒಂದು ಪರೀಕ್ಷೆಯನ್ನೂ ಬರೆದೆ: ಸರಿಯಾಗಿ ಸೇರಿದ ಕನ್ನಡದಲ್ಲಿ ಒಂಟಿ 3285 ಉಳಿಯಬಾರದು. ಉಳಿದರೆ ಎಲ್ಲಿ ಅಂತ ತೋರಿಸು. ಓಡಿಸಿದೆ. ಸಾವಿರಗಟ್ಟಲೆ ಇದ್ದದ್ದು ಕೆಲವು ನೂರಕ್ಕೆ ಇಳಿಯಿತು. ಸೊನ್ನೆಗೆ ಇಳಿಯಲಿಲ್ಲ. ‘ಕೆರೆಯ ಕೊಡಿ’ ಹಾಗೇ ಇತ್ತು.

ನಡುವೆ ಹೆಡ್‌ಸೆಟ್ ಕಥೆ ಹೇಳಲೇಬೇಕು. ಮಕ್ಕಳೇ ಕೇಳಿ ಪರೀಕ್ಷಿಸಲಿ ಅಂತ ದಾನಿಗಳ ದುಡ್ಡಿನಲ್ಲಿ 10 ಹೆಡ್‌ಸೆಟ್ ತರಿಸಿದೆವು. ನಾಲ್ಕರಲ್ಲಿ ಒಂದು ಕಿವಿ ಸತ್ತಿತ್ತು. ವಾಪಸ್ ಕೊಡಲು ಹೋದರೆ ಅಂಗಡಿಯವರು “ಇನ್ನೊಂದು ಕಿವಿ ಕೇಳುತ್ತಲ್ಲ ಸರ್” ಅಂದರು. ಕಿವಿಯನ್ನೇ ನಂಬಿ ಓದುವ ಮಕ್ಕಳಿಗೆ ಈ ಮಾತು ಹೇಳುವುದಾ? ನನಗೆ ನಿಜವಾಗಿ ಸಿಟ್ಟು ಬಂತು. ಮೂರು ಸಲ ಹೋಗಿ, ಬಿಲ್ಲು ತೋರಿಸಿ, ಕೊನೆಗೂ ಬದಲಾಯಿಸಿಕೊಂಡು ಬಂದೆ. ದಾನದ ಸಾಮಾನು ಅಂದ ಕೂಡಲೇ ಕಳಪೆ ಮಾಲು ದಾಟಿಸುವ ಈ ಅಭ್ಯಾಸ ನಿಮ್ಮ ಊರಲ್ಲೂ ಇದ್ದರೆ, ಅಂಗಡಿಯಲ್ಲೇ ಒಂದೊಂದನ್ನೂ ಹಾಕಿ ಕೇಳಿಯೇ ಹೊರಗೆ ಬನ್ನಿ.

ಮತ್ತೆ ದೀರ್ಘಕ್ಕೆ ಬರೋಣ. ತಪ್ಪು ಉಳಿದ ಫೈಲುಗಳನ್ನು ಬೇರೆ ಮಾಡಿಟ್ಟೆ. ಒಂದು ವಿಚಿತ್ರ ಕಂಡಿತು. ತೀರಾ ಹಳೆಯ ಡಾಕ್ ಫೈಲುಗಳಲ್ಲಿ ತಪ್ಪಿಲ್ಲ. ಆಮೇಲೆ ಆಫೀಸಿನ ಹೊಸ ವರ್ಡ್‌ನಲ್ಲಿ ತೆರೆದು ತಿದ್ದಿ, ಡಾಕ್ಸ್ ಆಗಿ ಉಳಿಸಿದವುಗಳಲ್ಲೇ ತಪ್ಪು. ಅಂದರೆ ಯಾವುದನ್ನು ಯಾರೋ ಎರಡನೇ ಸಲ ಮನಸ್ಸಿಟ್ಟು ನೋಡಿದ್ದರೋ ಅವೇ ಕೆಟ್ಟಿವೆ.

ಡಾಕ್ಸ್ ಅಂದರೆ ಜಿಪ್ ಕಟ್ಟು ತಾನೇ. ಬಿಚ್ಚಿ ಒಳಗಿನ ಎಕ್ಸ್‌ಎಂಎಲ್ ಓದಿದೆ. ‘ಕೋಡಿ’ ಇರುವ ಜಾಗ ಹುಡುಕಿದೆ. ಅಲ್ಲಿ ‘ಕೊ’ ಒಂದು ರನ್‌ನ (ವರ್ಡ್ ಸಾಲನ್ನು ಒಳಗೆ ಒಡೆದಿಡುವ ತುಂಡು) ಕೊನೆಯಲ್ಲಿತ್ತು. ದೀರ್ಘ ಒಂದೇ ಒಂದು, ತನ್ನದೇ ಬೇರೆ ರನ್‌ನಲ್ಲಿತ್ತು. ‘ಡಿ’ ಮೂರನೇ ರನ್‌ನಲ್ಲಿ.

ವರ್ಡ್ ಹೀಗೆ ಮಾಡುತ್ತದೆ. ನೀವು ಫೈಲನ್ನು ಇನ್ನೊಂದು ದಿನ ತೆರೆದು ನಡುವೆ ಏನಾದರೂ ಸೇರಿಸಿದರೆ, ಆ ಸರದಿಗೆ ಬೇರೆ ಗುರುತು ಸಂಖ್ಯೆ ಹಾಕಿ ಸಾಲನ್ನು ಅಲ್ಲಿ ತುಂಡು ಮಾಡುತ್ತದೆ. ಪರದೆಯಲ್ಲಿ ಗೊತ್ತಾಗುವುದಿಲ್ಲ. ನನ್ನ ಪ್ರೋಗ್ರಾಂ ಒಂದೊಂದು ರನ್ ಅನ್ನೂ ಬೇರೆ ಬೇರೆಯಾಗಿ ಬದಲಿಸುತ್ತಿತ್ತು. ಎನ್‌ಎಫ್‌ಸಿಗೆ ಎರಡು ತುಂಡೂ ಒಟ್ಟಿಗೆ ಕಾಣಲೇ ಇಲ್ಲ, ಹೇಗೆ ಸೇರಿಸೀತು?

ಆದರೆ ತುಂಡು ಸರಿಯಾಗಿ ದೀರ್ಘದ ಹತ್ತಿರವೇ ಯಾಕೆ ಆಗಬೇಕು? ಮೇಡಂ ಅವರನ್ನೇ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಓ, ಅದು ನಮ್ಮ ಮೇಷ್ಟ್ರು ತಿದ್ದಿದ್ದು” ಅಂದರು. ನಿವೃತ್ತರಾದ ಕನ್ನಡ ಮೇಷ್ಟ್ರೊಬ್ಬರು ಪ್ರಿಂಟ್ ಮೇಲೆ ಕೆಂಪು ಪೆನ್ನಿನಲ್ಲಿ ಬಿಟ್ಟುಹೋದ ದೀರ್ಘಗಳನ್ನೆಲ್ಲ ಗುರುತು ಮಾಡಿ ಕೊಡುತ್ತಿದ್ದರಂತೆ. ಮೇಡಂ ಮಾರನೇ ದಿನ ಕೂತು, ಕರ್ಸರ್ ಇಟ್ಟು, ದೀರ್ಘವೊಂದನ್ನೇ ಒತ್ತಿ ಮುಂದೆ ಹೋಗುತ್ತಿದ್ದರು. ನುಡಿಯಲ್ಲಿ ಹಾಗೆ ಮಾಡಬಹುದು. ಆ ಮೇಷ್ಟ್ರು ಈಗ ಇಲ್ಲ. ಅವರು ಹಾಕಿಸಿದ ಒಂದೊಂದು ದೀರ್ಘವೂ ನನ್ನ ಪ್ರೋಗ್ರಾಂನಲ್ಲಿ ಉದುರುತ್ತಿತ್ತು. ಇದನ್ನು ಕೇಳಿದ ಮೇಲೆ ಒಂದನ್ನೂ ಬಿಡಬಾರದು ಅನ್ನಿಸಿತು.

ಮೊದಲ ಪ್ರಯತ್ನ: ಪಕ್ಕದ ರನ್‌ಗಳ ಫಾಂಟು, ದಪ್ಪ, ಓರೆ ಎಲ್ಲ ಒಂದೇ ಇದ್ದರೆ ಬದಲಿಸುವ ಮುಂಚೆಯೇ ಸೇರಿಸಿಬಿಡುವುದು. ಇಲ್ಲಿ ಫಾಂಟಿನ ಹೆಸರೇ ಕೈಕೊಟ್ಟಿತು. ಡಾಕ್ಸ್ ಫೈಲು ಓದಲು ನಾನು ಬಳಸುವ ಪೈಥಾನ್-ಡಾಕ್ಸ್‌ನಲ್ಲಿ ರನ್‌ನ ಫಾಂಟ್ ಕೇಳಿದರೆ ಎಷ್ಟೋ ಸಲ ‘ಇಲ್ಲ’ ಅನ್ನುತ್ತದೆ. ಇಲ್ಲ ಅಂದರೆ ಅದು ಪ್ಯಾರಾದ ಸ್ಟೈಲ್‌ನಿಂದ ಬಂದಿದೆ ಅಂತ ಅರ್ಥ, ಅಲ್ಲೂ ಇಲ್ಲದಿದ್ದರೆ ಅದರ ಮೂಲ ಸ್ಟೈಲ್‌ನಿಂದ. ಅಷ್ಟೂ ಮೆಟ್ಟಿಲು ಹತ್ತಬೇಕು. ಇನ್ನೊಂದು ಗುಟ್ಟು: ವರ್ಡ್ ಒಂದೇ ರನ್‌ಗೆ ಎರಡು ಫಾಂಟ್ ಇಡಬಹುದು, ಸಾದಾ ಇಂಗ್ಲಿಷ್ ಅಕ್ಷರಕ್ಕೆ ಒಂದು, ಗೀಟು ಹೊತ್ತ ಅಕ್ಷರಗಳಿಗೆ ಇನ್ನೊಂದು. ಪೈಥಾನ್-ಡಾಕ್ಸ್ ಹೇಳುವುದು ಮೊದಲನೆಯದನ್ನು ಮಾತ್ರ. ನುಡಿಯ ಅರ್ಧಕ್ಕರ್ಧ ಚಿಹ್ನೆಗಳು ಎರಡನೇ ಗುಂಪಿನವು. ಎರಡನ್ನೂ ನೋಡಿಯೇ ಇದು ನುಡಿಯೋ ಅಲ್ಲವೋ ತೀರ್ಮಾನಿಸಿ. ಇಲ್ಲದಿದ್ದರೆ ನಡುವೆ ಬರುವ ನಿಜವಾದ ಇಂಗ್ಲಿಷ್ ಪದಗಳೂ ಕನ್ನಡದ ಕಲಸುಮೇಲೋಗರ ಆಗುತ್ತವೆ.

ಇಷ್ಟಾದ ಮೇಲೆ ನೂರಕ್ಕೂ ಕಡಿಮೆ ಉಳಿದವು. ಅವು ಯಾರೋ ಪದದ ಅರ್ಧವನ್ನು ಮಾತ್ರ ದಪ್ಪ ಮಾಡಿದ ಜಾಗಗಳು. ಎರಡು ರನ್ ಸೇರಿಸುವ ಹಾಗಿಲ್ಲ, ಅಕ್ಷರ ಮಾತ್ರ ಮಧ್ಯಕ್ಕೆ ಸೀಳಿದೆ. ಅದಕ್ಕೊಂದು ನಿಯಮ ಬರೆದೆ: ರನ್ ಶುರುವಾಗುವುದೇ ದೀರ್ಘ, ಕೊಂಬು, ಒತ್ತು, ಅರ್ಕಾವತ್ತು ಅಥವಾ ಸೊನ್ನೆಯಿಂದ ಆದರೆ, ಅದನ್ನು ಎಡಗಡೆಯ ರನ್‌ಗೆ ಎಳೆದುಕೋ.

ಓಡಿಸಿದೆ. ‘ಸಮಯ’ ಹೋಗಿ ‘ಸಮಂ’ ಆಯಿತು, ಪಕ್ಕದಲ್ಲಿ ಒಂದಿಷ್ಟು ಚೂರು. ‘ನ್ಯಾಯ’ಕ್ಕೂ ಅದೇ ಗತಿ. ರನ್ ಯಕಾರದಿಂದ ಶುರುವಾದಲ್ಲೆಲ್ಲ ಪೆಟ್ಟು.

ಇದಕ್ಕೆ ಒಂದು ಪೂರ್ತಿ ಶನಿವಾರ ಹೋಯಿತು. ಹಳೆಯ ನುಡಿಯಲ್ಲಿ ಸೊನ್ನೆ ಅಂದರೆ ಇಂಗ್ಲಿಷಿನ ದೊಡ್ಡ ‘ಎ’. ‘ಯ’ ಬರೆಯಲು ನಾಲ್ಕು ತುಂಡು ಬೇಕು, ಅದರಲ್ಲಿ ಮೊದಲನೆಯದು ಇದೇ ದೊಡ್ಡ ‘ಎ’! ‘ಯ’ದ ಎಡಗಡೆ ಸುರುಳಿ ಸೊನ್ನೆಯಂತೆಯೇ ದುಂಡಗಿದೆಯಲ್ಲ, ಒಂದೇ ಚಿತ್ರ ಎರಡಕ್ಕೂ ಸಾಕು ಅಂತ ಜಾಗ ಉಳಿಸಿದ್ದಾರೆ. ‘ಮ’ ಕೂಡ ಹೀಗೇ, ‘ವ’ಕ್ಕೆ ಒಂದು ಕೊಂಬು. ‘ಝ’ ಶುರುವಾಗುವುದು ‘ರ’ದಿಂದ. ನೂರಾರು ರೂಪಗಳನ್ನು ಸಣ್ಣ ಜಾಗದಲ್ಲಿ ತುಂಬಿಸಬೇಕಿದ್ದ ಕಾಲದ ಜಾಣತನ ಅದು, ಮೆಚ್ಚಲೇಬೇಕು. ಆದರೆ ನನ್ನ ನಿಯಮ ‘ಯ’ದ ತಲೆಯನ್ನು ಸೊನ್ನೆ ಅಂತ ತಿಳಿದು ಕಿತ್ತು ಎಡಕ್ಕೆ ಒಯ್ಯುತ್ತಿತ್ತು. ಪರಿಹಾರ: ದೊಡ್ಡ ‘ಎ’ ಸಿಕ್ಕರೆ ಮುಂದಿನ ಮೂರು ತುಂಡು ನೋಡು. ‘ಯ’ ಆಗುತ್ತಿದ್ದರೆ ಮುಟ್ಟಬೇಡ. ಮುಂದಿನ ತುಂಡುಗಳು ಇನ್ನೊಂದು ರನ್‌ಗೆ ಹೋಗಿದ್ದರೆ ಅಲ್ಲಿಗೂ ಇಣುಕು.

ಭಾನುವಾರ ರಾತ್ರಿ ಮತ್ತೆ ಓಡಿಸಿದೆ. ಏಳು ಉಳಿದವು. ಏಳನ್ನೂ ಕೈಯಲ್ಲೇ ನೋಡಿದೆ. ಟೈಪ್ ಮಾಡುವಾಗಲೇ ದೀರ್ಘ ಎರಡು ಸಲ ಬಿದ್ದಿದ್ದವು. ಅಳಿಸಿದೆ. ಸೊನ್ನೆ!

ಈ ಗಡಿಬಿಡಿಯಲ್ಲೇ ಮುಂದಿನ ಕೆಲಸವೂ ತಲೆಗೆ ಹೊಕ್ಕಿದೆ. ಫೈಲು ಶುದ್ಧ ಯೂನಿಕೋಡ್ ಆದ ಮೇಲೆ ಲಿಬ್‌ಲೂಯಿ ಅನ್ನುವ ಸಾಫ್ಟ್‌ವೇರ್ ಹಾಕಿ ಬ್ರೈಲ್‌ಗೆ ತಿರುಗಿಸಬಹುದು. ನಮ್ಮ ದೇಶದ ಭಾಷೆಗಳಿಗಾಗಿ 1951ರಲ್ಲಿ ಒಪ್ಪಿಕೊಂಡ ಭಾರತಿ ಬ್ರೈಲ್‌ನಲ್ಲಿ ಎ ಮತ್ತು ಏ ಬೇರೆ ಬೇರೆ ಚುಕ್ಕಿಗಳು. ದೀರ್ಘ ಉದುರಿದ್ದರೆ ಬೆರಳಿಗೂ ತಪ್ಪೇ ಸಿಗುತ್ತಿತ್ತು. ಈಗ ಆ ಭಯ ಇಲ್ಲ. ಬ್ರೈಲ್ ಪ್ರಿಂಟರ್ ದುಬಾರಿ. ಯಾವ ಊರಿನ ಸಂಸ್ಥೆಯಾದರೂ ವಾರಕ್ಕೊಂದು ದಿನ ಬಳಸಲು ಕೊಟ್ಟರೆ ಬಸ್ಸಿನಲ್ಲಿ ಹೋಗಿ ಬರಲು ತಯಾರಿದ್ದೇನೆ. ಅಚ್ಚಾದ ಪುಸ್ತಕಗಳನ್ನೂ ಹೀಗೆ ಮಾಡಬಹುದಾ ಅಂತ ಟ್ರಸ್ಟಿನವರು ಕೇಳಿದರು. ಓದಲು ತೊಂದರೆ ಇರುವವರಿಗಾಗಿ ಲಾಭವಿಲ್ಲದೆ ಮಾಡಿಕೊಡಲು 2012ರ ಕಾಪಿರೈಟ್ ತಿದ್ದುಪಡಿ ಅವಕಾಶ ಕೊಟ್ಟಿದೆ. ಇಂಥವರಿಗೆ ಪುಸ್ತಕ ಸಿಗಲಿ ಅಂತ ದೇಶಗಳು ಮಾಡಿಕೊಂಡ ಮರಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶವೂ ನಮ್ಮದೇ. ಇದು ಇನ್ನೂ ಎಷ್ಟೋ ಸಂಸ್ಥೆಗಳಿಗೆ ಗೊತ್ತಿಲ್ಲ, ಸಿಕ್ಕವರಿಗೆಲ್ಲ ಹೇಳಿ.

ಮೇಡಂ ಇನ್ನು ಮುಂದೆ ಯೂನಿಕೋಡ್‌ನಲ್ಲೇ ಟೈಪ್ ಮಾಡುತ್ತಾರೆ. ಮೊದಲು ಹೆದರಿದ್ದರು. “20 ವರ್ಷದ ಬೆರಳು, ಈಗ ಹೊಸದಾಗಿ ಕಲಿಯೋಕಾಗಲ್ಲಪ್ಪ” ಅಂದಿದ್ದರು. ಕೀಲಿಮಣೆ ಅದೇ, ಕೆ. ಪಿ. ರಾವ್ ಅವರ ವಿನ್ಯಾಸವೇ, ಬದಲಾಗುವುದು ಒಂದು ಆಯ್ಕೆ ಮಾತ್ರ ಅಂತ ತೋರಿಸಿದ ಮೇಲೆ ಹತ್ತು ನಿಮಿಷದಲ್ಲಿ ಒಂದು ಪುಟ ಬಡಿದರು. ಈ ಒಂದು ಬದಲಾವಣೆ ನನ್ನ ಐದು ವಾರದ ಕೆಲಸಕ್ಕಿಂತ ದೊಡ್ಡದು.

ಉಳಿದಿರುವುದು ಪುಟ ವಿನ್ಯಾಸಕ್ಕೆ ಬಳಸುತ್ತಿದ್ದ ಪೇಜ್‌ಮೇಕರ್‌ನ ಫೈಲುಗಳು, 38. ಮೂಲ ಫೈಲು ಒಂದು ಡಿಟಿಪಿ ಅಂಗಡಿಯಲ್ಲಿದೆ. ಎರಡು ಸಲ ಕೇಳಿದಾಗಲೂ ಅಕ್ಷರಗಳನ್ನೆಲ್ಲ ಚಿತ್ರ ಮಾಡಿದ ಪಿಡಿಎಫ್ ಕೊಟ್ಟು ಕಳಿಸಿದ್ದಾರೆ. ಶನಿವಾರ ಮತ್ತೆ ಹೋಗುತ್ತೇನೆ, ಖಾಲಿ ಪೆನ್‌ಡ್ರೈವ್ ಜೊತೆ. ಕೊಡದೇ ಹೋದರೆ ಚಿತ್ರದಿಂದ ಅಕ್ಷರ ಗುರುತಿಸುವ ಟೆಸೆರಾಕ್ಟ್ ಇದ್ದೇ ಇದೆ.

ಸೋಮವಾರ ಬೆಳಿಗ್ಗೆ ಹೊಸ ಫೈಲುಗಳನ್ನು ಹಾಸ್ಟೆಲ್‌ಗೆ ಒಯ್ದೆ. ಆ ಹುಡುಗಿ ಹೆಡ್‌ಸೆಟ್ ಹಾಕಿಕೊಂಡು ನೀರಾವರಿ ಪಾಠ ತೆರೆದಳು. ನನಗೂ ಕೇಳಲಿ ಅಂತ ಸ್ಪೀಡ್ ಇಳಿಸಿ, ಹೆಡ್‌ಸೆಟ್ ಕಿತ್ತು, ಸ್ಪೀಕರ್‌ಗೆ ಹಾಕಿದಳು. ಮೂರನೇ ಪ್ಯಾರಾ ಬಂತು. ನಾನು ಉಸಿರು ಬಿಗಿ ಹಿಡಿದು ನಿಂತಿದ್ದೆ. ಧ್ವನಿ ಆ ಪದ ದಾಟಿ ಮುಂದೆ ಹೋಯಿತು. ಅವಳು ಬಾಣದ ಕೀಲಿ ಒತ್ತಿ ಹಿಂದೆ ಬಂದು ಇನ್ನೊಂದು ಸಲ ಕೇಳಿದಳು. ಆಮೇಲೆ ಪಕ್ಕದ ರೂಮಿನವರಿಗೆಲ್ಲ ಕೇಳುವ ಹಾಗೆ ಕೂಗಿದಳು.

“ಕೆರೆ ಕೋಡಿ ಬಿತ್ತು ಕಣ್ರೇ!”