ಸ್ಮೋಕರ್‌ಗೆ ಹೊಸ ಮೀಟರ್ ಹಾಕಿದೆ, ಹೇಳೋದು ಮರೆತೆ

ನಾನು ಕೆಲಸ ಮಾಡುವ ಅಡುಗೆಮನೆಯಲ್ಲಿ ಒಂದು ದೊಡ್ಡ ಬಾರ್ಬೆಕ್ಯೂ ಸ್ಮೋಕರ್ ಇದೆ. ಕಟ್ಟಿಗೆಯ ಹೊಗೆಯಲ್ಲಿ ಮಾಂಸವನ್ನು ಗಂಟೆಗಟ್ಟಲೆ ನಿಧಾನವಾಗಿ ಬೇಯಿಸುವ ಕಬ್ಬಿಣದ ಪೆಟ್ಟಿಗೆ. ಅದರ ಮುಚ್ಚಳದಲ್ಲಿರುವ ಟೆಂಪರೇಚರ್ ಮೀಟರ್ ಹಾಳಾಗಿ ಎಷ್ಟೋ ದಿನ ಆಗಿತ್ತು. ಗಾಜಿನೊಳಗೆ ನೀರು ಸೇರಿ ಮುಳ್ಳು ಕಾಣುವುದೇ ಕಷ್ಟ. ಬದಲಾಯಿಸುವ ಕೆಲಸ ನನ್ನ ತಲೆಗೆ ಬಂತು.

ಬಿಚ್ಚೋಕೇ ಅರ್ಧ ದಿನ ಹೋಯ್ತು. ಒಳಗಡೆಯ ನಟ್ ಮೇಲೆ ಜಿಡ್ಡು, ಮಸಿ ಎಲ್ಲಾ ಸೇರಿ ಕಲ್ಲಾಗಿತ್ತು. ತಂತಿ ಬ್ರಷ್‌ನಲ್ಲಿ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಕಾದು, ಆಮೇಲೆ ಸ್ಪ್ಯಾನರ್ ಹಾಕಿದೆ. ಒಂದು ಮಾತು, ಡಯಲ್ ಹಿಡಿದು ಮಾತ್ರ ತಿರುಗಿಸಬೇಡಿ. ಒಳಗಿನ ಕಡ್ಡಿಯಲ್ಲಿ ಎರಡು ಬೇರೆ ಬೇರೆ ಲೋಹ ಅಂಟಿಸಿದ ಸುರುಳಿ ಇರುತ್ತದೆ, ಬಿಸಿಗೆ ಒಂದು ಲೋಹ ಇನ್ನೊಂದಕ್ಕಿಂತ ಜಾಸ್ತಿ ಹಿಗ್ಗಿ ಸುರುಳಿ ತಿರುಗುತ್ತದೆ, ಅದರ ಜೊತೆ ಮುಳ್ಳೂ ತಿರುಗುತ್ತದೆ. ಡಯಲ್ ಹಿಡಿದು ಬಿಗಿ ಮಾಡಿದರೆ ಈ ಲೆಕ್ಕವೇ ಜರುಗಿಬಿಡಬಹುದು. ನಮ್ಮ ಹಳೆಯದಕ್ಕೂ ಯಾರೋ ಹಾಗೇ ಮಾಡಿದ್ದಿರಬೇಕು ಅಂತ ನನ್ನ ಗುಮಾನಿ.

ಯಾಕೆಂದರೆ ಎಸೆಯುವ ಮುಂಚೆ ಸುಮ್ನೆ ಕುತೂಹಲಕ್ಕೆ ಅದರ ಕಡ್ಡಿಯನ್ನು ಕುದಿಯುವ ನೀರಲ್ಲಿ ಅದ್ದಿ ನೋಡಿದೆ. 120 ತೋರಿಸಿತು! ಸಮುದ್ರ ಮಟ್ಟದಲ್ಲಿ ನೀರು ಕುದಿಯುವುದು 100 ಡಿಗ್ರಿಗೆ, ಎತ್ತರದ ಜಾಗದಲ್ಲಿ ಇನ್ನೂ ಕಡಿಮೆ, ಸುಮಾರು 300 ಮೀಟರ್‌ಗೆ ಒಂದು ಡಿಗ್ರಿಯಂತೆ. ಹೇಗೆ ಲೆಕ್ಕ ಹಾಕಿದರೂ ಇದು 20 ಡಿಗ್ರಿ ಸುಳ್ಳು ಹೇಳುತ್ತಿತ್ತು. ಬೆನ್ನಿನ ಮೇಲೆ ಸಣ್ಣ ನಟ್ ಇರುವ ಮೀಟರ್ ಆಗಿದ್ದರೆ ಅದನ್ನು ತಿರುಗಿಸಿ ಸರಿ ಮಾಡಬಹುದಿತ್ತು, ಇದರಲ್ಲಿ ಅದೂ ಇರಲಿಲ್ಲ.

ಹೊಸದನ್ನೂ ಕುದಿಯುವ ನೀರಲ್ಲಿ ನೋಡಿದೆ, ಸರಿಯಾಗಿತ್ತು. ಹಾಕಿದೆ, ಒಳಗಿನಿಂದ ನಟ್ ಬಿಗಿ ಮಾಡಿದೆ, ಕೈ ತೊಳೆದುಕೊಂಡು ಮನೆಗೆ ಹೋದೆ. ಒಳ್ಳೆ ಕೆಲಸ ಮಾಡಿದೆ ಅನ್ನೋ ಖುಷಿ ಬೇರೆ.

ಬೆಳಿಗ್ಗೆ ಬಂದು ನೋಡಿದರೆ ರಾತ್ರಿ ಶಿಫ್ಟ್‌ನವರು ಇಟ್ಟಿದ್ದ ಹಂದಿ ಭುಜದ ಮಾಂಸ ಹೊರಗೆ ಇದ್ದಿಲು, ಅಂಚೆಲ್ಲಾ ಒಣಗಿ ನಾರು ನಾರು. ಬೆರಳಲ್ಲಿ ಎಳೆದರೆ ರಸವೇ ಇಲ್ಲ, ಹಗ್ಗದ ಎಳೆ ಬಂದ ಹಾಗೆ ಬರುತ್ತಿತ್ತು. ಬೆಂಕಿ ನೋಡಿಕೊಂಡಿದ್ದ ಹುಡುಗ ಅಳುವುದೊಂದು ಬಾಕಿ. "ಅಣ್ಣಾ, ಮುಳ್ಳು ರಾತ್ರಿಯೆಲ್ಲಾ 130ಕ್ಕೇ ಇತ್ತು, ನಾನೇ ನೋಡ್ಕೊಂಡಿದ್ದೆ" ಅಂದ.

ಅವನು ಹೇಳಿದ್ದು ನಿಜ. ಆಗ ನನಗೆ ಹೊಳೆಯಿತು. ಹಳೆ ಮೀಟರ್ ಸುಳ್ಳು ಹೇಳುತ್ತೆ ಅಂತ ಯಾರಿಗೂ ಗೊತ್ತಿರಲಿಲ್ಲ, ಆದರೆ 130 ಇಟ್ಟರೆ ಮಾಂಸ ಚೆನ್ನಾಗಿ ಬರುತ್ತೆ ಅಂತ ಎಲ್ಲರಿಗೂ ಗೊತ್ತಿತ್ತು. ಅಂದರೆ ಇಷ್ಟು ದಿನ ಒಳಗೆ ಇದ್ದದ್ದು 110 ಡಿಗ್ರಿ, ನಿಧಾನ ಹೊಗೆಗೆ ಸಾಮಾನ್ಯವಾಗಿ ಇಡುವ 107ರಿಂದ 121ರ ನಡುವಿನದ್ದೇ. ನಾನು ಸರಿಯಾದ ಮೀಟರ್ ಹಾಕಿದೆ, ಅವನು ಹಳೇ ಲೆಕ್ಕದಲ್ಲೇ 130 ಇಟ್ಟ, ಈ ಸಲ ಅದು ನಿಜವಾದ 130. ಬೇಗ ಬೆಂದ ಮಾಂಸವನ್ನು ಯಾವಾಗಲೂ ಇಡುವಷ್ಟೇ ಹೊತ್ತು ಒಳಗೆ ಬಿಟ್ಟರೆ ಇನ್ನೇನಾಗುತ್ತೆ? 20 ಡಿಗ್ರಿ ಜಾಸ್ತಿ ತೋರಿಸುತ್ತಿತ್ತು ಅನ್ನೋದು ಗೊತ್ತಿದ್ದವನು ನಾನೊಬ್ಬನೇ, ಅದನ್ನು ಮನೆಗೆ ಹೊತ್ತುಕೊಂಡು ಹೋಗಿದ್ದೆ. ಬೈಗುಳ ಮಾತ್ರ ಮೊದಲು ಬಿದ್ದದ್ದು ಆ ಹುಡುಗನಿಗೆ. ಮೇಲಿನವರ ಹತ್ತಿರ ಹೋಗಿ ತಪ್ಪು ನನ್ನದು ಅಂತ ಹೇಳಿದೆ, ಆಮೇಲೆ ಅವನಿಗೂ ಹೇಳಿದೆ. ಎರಡನೆಯದೇ ಕಷ್ಟ ಆಯ್ತು.

ಇನ್ನೊಂದನ್ನೂ ಆ ವಾರವೇ ನೋಡಿದೆವು. ಮುಚ್ಚಳದ ಮೀಟರ್ ಮೇಲಿನ ಗಾಳಿಯ ಬಿಸಿ ತೋರಿಸುತ್ತೆ, ಮಾಂಸ ಇರುವುದು ಕೆಳಗೆ ಜಾಲರಿ ಮೇಲೆ. ವೈರ್ ಇರುವ ಪ್ರೋಬ್ (ಬಿಸಿ ಅಳೆಯುವ ಕಡ್ಡಿ) ಒಂದನ್ನು ಜಾಲರಿಗೆ ಸಿಕ್ಕಿಸಿದಾಗ ಎರಡೂ ಒಂದೇ ಸಂಖ್ಯೆ ತೋರಿಸಲಿಲ್ಲ. ಪ್ರೋಬ್ ಮಾಂಸಕ್ಕೆ ತೀರಾ ಅಂಟಿಕೊಂಡಿದ್ದರೆ ಇನ್ನೂ ಕಡಿಮೆ ಬರುತ್ತೆ, ತಣ್ಣಗಿನ ಮಾಂಸ ಪಕ್ಕದ ಗಾಳಿಯನ್ನೂ ತಣ್ಣಗೆ ಮಾಡುತ್ತೆ ಅಲ್ವಾ. ಈಗ ಒಂದೆರಡು ಇಂಚು ದೂರ ಇಡುತ್ತೇವೆ.

ಮುಚ್ಚಳದ ಪಕ್ಕ ಟೇಪ್ ಮೇಲೆ "ಹಳೇ 130 = ಈಗ 110" ಅಂತ ಬರೆದು ಅಂಟಿಸಿದ್ದೆ. ಬಿಸಿಗೆ ಎರಡು ಸಲ ಉದುರಿತು. ಈಗ ಶಿಫ್ಟ್ ಪುಸ್ತಕದ ಮೊದಲ ಪುಟದಲ್ಲಿದೆ, ಬರೆದವನು ಆ ಹುಡುಗನೇ, ಕೆಂಪು ಪೆನ್ನಲ್ಲಿ.