ದಸರಾ ರಜೆಗೆ ಬರ್ತೀನಿ ಅಂದ ಅಕ್ಕನಿಗೆ

"ದಸರಾ ರಜೆಗೆ ನಿಮ್ಮೂರಿಗೆ ಬಂದ್ರೆ ಹೆಂಗೋ?" ಅಂತ ಅಕ್ಕನ ಫೋನು. ಬೇಡ ಕಣೇ ಅಂದೆ. ಅಕ್ಟೋಬರ್ ಅಂದ್ರೆ ಇಲ್ಲಿ ಫಿನ್‌ಲ್ಯಾಂಡಿನ ಹೆಲ್ಸಿಂಕಿಯಲ್ಲಿ ಎಲೆ ಉದುರಿ, ಜಿಟಿಜಿಟಿ ಮಳೆ ಹಿಡಿದಿರುತ್ತೆ. ನವೆಂಬರ್ ಇನ್ನೂ ಕಡೆ. ಫಿನ್ನಿಶ್‌ನಲ್ಲಿ ಅದಕ್ಕೆ ಮರ್ರಾಸ್‌ಕೂ ಅಂತಾರೆ, ಹೆಚ್ಚುಕಮ್ಮಿ ಸಾವಿನ ತಿಂಗಳು ಅಂತಲೇ ಅರ್ಥ. ಇಲ್ಲಿ ಒಂದು ಚಳಿಗಾಲ ಕಳೆದವರಿಗೆ ಹೆಸರಿನ ಬಗ್ಗೆ ತಕರಾರಿರಲ್ಲ.

ಚಳಿಗಿಂತ ಕಾಡೋದು ಕತ್ತಲು. ಚಳಿಗೆ ಸ್ವೆಟರ್ ಇದೆ. ಡಿಸೆಂಬರ್ ಕೊನೆಗೆ ಹಗಲು 6 ಗಂಟೆಯೂ ಇರಲ್ಲ. ನನ್ನ ಕೋಟಿನ ಜೇಬಿಂದ ಸಣ್ಣ ರಿಫ್ಲೆಕ್ಟರ್ ಬಿಲ್ಲೆಯೊಂದು ದಾರದಲ್ಲಿ ನೇತಾಡ್ತಿರುತ್ತೆ, ದನದ ಕೊರಳ ಗಂಟೆ ಥರ. ಕಾರಿನ ಬೆಳಕು ಬಿದ್ದಾಗ ಅದು ಮಿನುಗಿದ್ರೇನೇ ಡ್ರೈವರ್‌ಗೆ ನಾನು ಕಾಣೋದು. ಹಿಮ ಬಿದ್ದ ದಿನ ಮಾತ್ರ ನೆಲವೇ ಬೆಳಗಿದ ಹಾಗಿರುತ್ತೆ.

ಹಿಮ ನೋಡಲೇಬೇಕಾದ್ರೆ ಮಾರ್ಚಲ್ಲಿ ಈ ದೇಶದ ಉತ್ತರದ ತುದಿಗೆ, ಲ್ಯಾಪ್‌ಲ್ಯಾಂಡ್‌ಗೆ ಹೋಗು. ಹಿಮಾನೂ ಇರುತ್ತೆ, ಬಿಸಿಲೂ ಇರುತ್ತೆ, ಅದೃಷ್ಟವಿದ್ರೆ ರಾತ್ರಿ ಆಕಾಶದಲ್ಲಿ ಬಣ್ಣದ ಬೆಳಕು, ಅರೋರಾನೂ ಕಾಣುತ್ತೆ. ಜುಲೈಯಲ್ಲಿ ಅಲ್ಲಿ ಸೊಳ್ಳೆ ಕಾಟ, ಮಲೆನಾಡಿನವಳಾದ ನೀನೂ ಸೋಲ್ತೀಯ!

ನನ್ನ ಕೇಳಿದ್ರೆ ಮೇ ಕೊನೆಗೆ ಹೆಲ್ಸಿಂಕಿಗೇ ಬಾ. ಬರ್ಚ್ ಮರಗಳು ಆಗಷ್ಟೇ ಚಿಗುರಿರುತ್ತವೆ, ಸೂರ್ಯ ಮುಳುಗೋದೇ ರಾತ್ರಿ 10 ದಾಟಿದ ಮೇಲೆ. ಜಾಕೆಟ್ ಮಾತ್ರ ಮರೀಬೇಡ.

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಅಲ್ವೋ, ಹಂಗಾದ್ರೆ ಅಲ್ಲಿ ಸಂಜೆ ದೀಪ ಹಚ್ಚೋದು ಎಷ್ಟೊತ್ತಿಗೆ?"